ಬಿಟ್ಟ ಮೇಲೆ ಕಟ್ಟಿದ ಮೂಗು

ಇವತ್ತಿಗೆ 180 ದಿನ. ಒಂದೂ ಸಿಗರೇಟು ಮುಟ್ಟಿಲ್ಲ. 14 ವರ್ಷ ಸೇದಿದವನಿಗೆ ಇದು ದೊಡ್ಡ ಲೆಕ್ಕವೇ. ಸಿಗರೇಟು ಬಿಟ್ಟ ಮೇಲೆ ಮೂಗು ಕಟ್ಟಿಕೊಂಡು ಒದ್ದಾಡಿದ ನನ್ನ ಪುರಾಣ ಹತ್ತಿರದವರಿಗೆಲ್ಲ ಬಾಯಿಪಾಠ ಆಗಿದೆ, ಮತ್ತೆ ಮೊದಲಿನಿಂದ ಶುರು ಮಾಡುವುದಿಲ್ಲ, ಹೆದರಬೇಡಿ. ಥ್ಯಾಂಕ್ಸ್ ಹೇಳುವುದು ಬಾಕಿ ಇದೆ, ಅಷ್ಟೇ.

ದಿನಾ ಬೆಳಿಗ್ಗೆ ‘ಇವತ್ತು ಎಷ್ಟನೇ ದಿನ?’ ಅಂತ ಕೇಳಿದ ತಂಗಿಗೆ, ಟಿಶ್ಯೂ ಡಬ್ಬಿ ಖಾಲಿಯಾದಾಗಲೆಲ್ಲ ಸುಮ್ನೆ ಹೊಸದು ತಂದಿಟ್ಟ ಅಮ್ಮನಿಗೆ, ನಾನು ಸೀನುತ್ತಾ ಎದ್ದು ಹೋದಾಗ ಏನೂ ಆಗಿಲ್ಲವೆಂಬಂತೆ ಮಾತು ಮುಂದುವರಿಸಿದ ಆಫೀಸಿನ ಗೆಳೆಯರಿಗೆ, ಎಲ್ಲರಿಗೂ ಥ್ಯಾಂಕ್ಸ್.

ಕಿವಿ, ಮೂಗು, ಗಂಟಲಿನ ಡಾಕ್ಟರಿಗೆ ಸ್ವಲ್ಪ ಜಾಸ್ತಿ ಹೇಳಬೇಕು. ಮೂಗು, ಅದರ ಸುತ್ತಲ ಮೂಳೆಗಳೊಳಗಿನ ಗಾಳಿಗೂಡುಗಳಾದ ಸೈನಸ್‌ಗಳ ಒಳಪೊರೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲುಗಳಿವೆಯಂತೆ. ಧೂಳು, ಕಫವನ್ನು ಗುಡಿಸಿ ಗಂಟಲ ಕಡೆ ತಳ್ಳುವುದು ಅವುಗಳ ಕೆಲಸ. ಹೊಗೆ ಅವಕ್ಕೆ ಮಂಕು ಹಿಡಿಸಿರುತ್ತದೆ. ಬಿಟ್ಟ ಮೇಲೆ ನಿಧಾನಕ್ಕೆ ಚೇತರಿಸಿಕೊಂಡು ಮತ್ತೆ ಗುಡಿಸಲು ಶುರು ಮಾಡುತ್ತವೆ. ಕೆನ್ನೆಯೊಳಗಿನ ಸೈನಸ್‌ನ ಬಾಗಿಲು ತಳದಲ್ಲಿಲ್ಲ, ಮೇಲಿದೆ. ಅಲ್ಲಿನ ಕಫ ತಾನಾಗಿ ಸುರಿದು ಹೋಗುವುದಿಲ್ಲ, ಆ ಕೂದಲುಗಳೇ ಮೇಲಕ್ಕೆ ತಳ್ಳಿ ದಾಟಿಸಬೇಕು. ಚಿತ್ರದ ಮೇಲೆ ಬೆರಳಿಟ್ಟು ಅವರು ಇದನ್ನು ತೋರಿಸಿದಾಗ ಮೊದಲ ಸಲ ನನ್ನ ಮೂಗಿನ ಮೇಲೆ ಕನಿಕರ ಬಂತು.

ಆಮೇಲೆ ಬೈಗುಳ. ಮೂಗು ಬಿಡಿಸುವ ಸ್ಪ್ರೇಯನ್ನು ನಾನು ಯಾರನ್ನೂ ಕೇಳದೆ ಹತ್ತೊಂಬತ್ತು ದಿನ ಹೊಡೆದುಕೊಂಡಿದ್ದೆ. ಅದು ಹೆಚ್ಚೆಂದರೆ ಮೂರರಿಂದ ಐದು ದಿನದ್ದು. ಅದಕ್ಕಿಂತ ಮುಂದುವರಿಸಿದರೆ ಸ್ಪ್ರೇ ಇಳಿದ ಕೂಡಲೇ ಮೂಗು ಮೊದಲಿಗಿಂತ ಗಟ್ಟಿಯಾಗಿ ಕಟ್ಟುತ್ತದೆ. ‘ಇವತ್ತೇ ನಿಲ್ಲಿಸಿ. ಕುದಿಸಿ ಆರಿಸಿದ ನೀರಲ್ಲಿ ಉಪ್ಪು ಹಾಕಿ ಮೂಗು ತೊಳೀರಿ. ಜ್ವರ ಬಂದ್ರೆ, ಕಣ್ಣ ಸುತ್ತ ಊದಿದ್ರೆ ತಕ್ಷಣ ಬನ್ನಿ’ ಅಂದರು. ನಿಲ್ಲಿಸಿದೆ. ಮಾರನೇ ರಾತ್ರಿ, ಅಂದರೆ ಸಿಗರೇಟು ಬಿಟ್ಟ 23ನೇ ರಾತ್ರಿ, ಎರಡೂ ಹೊಳ್ಳೆ ಮುಚ್ಚಿದವು.

ಈಗ ನನ್ನ ಒಬ್ಬ ಹಳೇ ಗೆಳೆಯನ ವಿಷಯ. ಹೆಸರು ಹಾಕಬೇಡ ಅಂದಿದ್ದಾನೆ. ನಾವಿಬ್ಬರೂ ಒಟ್ಟಿಗೇ ಸೇದುತ್ತಿದ್ದವರು. ಅವನು ಇವತ್ತಿಗೂ ಬಿಟ್ಟಿಲ್ಲ.

ಆ ರಾತ್ರಿ ಎಡಕ್ಕೆ ಮಲಗಿದರೆ ಎಡ ಹೊಳ್ಳೆ, ಬಲಕ್ಕೆ ಹೊರಳಿದರೆ ಬಲ ಹೊಳ್ಳೆ ಕಟ್ಟುತ್ತಿತ್ತು. ಆಮೇಲೆ ಎರಡೂ. ಬಾಯಲ್ಲಿ ಉಸಿರಾಡಿ ನಾಲಿಗೆ ಒಣಗಿ ಚಕ್ಕೆಯಾಗಿತ್ತು. ಕೆನ್ನೆಯ ನೋವು ಮೇಲಿನ ಹಲ್ಲುಗಳಿಗೂ ಇಳಿದಿತ್ತು. ಒಂದು ಗಂಟೆಗೆ ಅವನಿಗೆ ಮೆಸೇಜ್ ಹಾಕಿದೆ: ‘ಒಂದಿದ್ರೆ ತಗೊಂಡು ಬಾ.’ ನೆಗಡಿಗೆ ಹೆದರಿ ಮೂಗು ಕೊಯ್ದುಕೊಳ್ಳುವುದು ಅಂದರೆ ಇದೇ.

ಬಂದ. ‘ಇದೆ. ಕೊಡಲ್ಲ’ ಅಂದ. ಪ್ಯಾಕನ್ನು ಚಪ್ಪಲಿಯ ಜೊತೆ ಬಾಗಿಲಾಚೆ ಬಿಟ್ಟು ಒಳಗೆ ಬಂದ. ದಿಂಬುಗಳನ್ನೆಲ್ಲ ಒಟ್ಟಿ ನನ್ನನ್ನು ಒರಗಿಸಿ ಕೂರಿಸಿದ. ಬರುವಾಗ ಹೆಗಲ ಮೇಲೆ ಹಾಕಿಕೊಂಡಿದ್ದ ನೀಲಿ ಟವೆಲನ್ನು ಬಿಸಿನೀರಲ್ಲಿ ಅದ್ದಿ, ಹಿಂಡಿ, ಕೆನ್ನೆಯ ಮೇಲಿಟ್ಟ. ಆರಿದರೆ ಮತ್ತೆ ಅದ್ದುತ್ತಿದ್ದ. ಬುದ್ಧಿಮಾತು ಒಂದೂ ಇಲ್ಲ. ಅವನ ಹೆಬ್ಬೆರಳು ಮಾತ್ರ ಕೈಯಲ್ಲಿಲ್ಲದ ಲೈಟರನ್ನು ಉಜ್ಜುತ್ತಲೇ ಇತ್ತು. ಗಂಟೆಗೊಂದು ಸೇದುವ ಮನುಷ್ಯ ಐದು ಗಂಟೆಯವರೆಗೂ ಬಾಗಿಲಾಚೆಗೆ ಒಂದು ಸಲವೂ ಹೋಗಲಿಲ್ಲ.

ಮೂರು ಗಂಟೆ ಸುಮಾರಿಗೆ ನಾನು ಅವನ ಮೇಲೇ ಕೂಗಾಡಿದೆ. ‘ಸೇದುವಾಗ ಚೆನ್ನಾಗೇ ಉಸಿರಾಡ್ತಿದ್ದೆ. ಬಿಟ್ಟು ಏನ್ ಸಿಕ್ತು ಹೇಳು?’ ಅಂದೆ. ಆಮೇಲೆ ಅತ್ತೆ. ಮೂಗು ಕಟ್ಟಿದಾಗ ಅಳುವುದು ಎಷ್ಟು ಕಷ್ಟ ಅಂತ ಅನುಭವಿಸಿದವರಿಗೇ ಗೊತ್ತು, ಉಸಿರು ಸಿಕ್ಕುವುದಿಲ್ಲ. ಅವನು ಟವೆಲ್ ತಿರುಗಿಸಿ ಇಟ್ಟು ಹೇಳಿದ: ‘ಗೊತ್ತಿಲ್ಲ ಕಣೋ. ನಾನು ಎರಡು ಸಲ ಬಿಟ್ಟಿದ್ದೆ. ಎರಡು ಸಲಾನೂ ಇಂಥ ರಾತ್ರೀಲೇ ಹಚ್ಚಿದೆ.’ ನಮ್ಮ ಇಷ್ಟು ವರ್ಷದ ಗೆಳೆತನದಲ್ಲಿ ನನಗೆ ಅದು ಗೊತ್ತೇ ಇರಲಿಲ್ಲ.

ಐದು ಗಂಟೆಗೆ ಎಡ ಹೊಳ್ಳೆ ಸೀಟಿ ಹೊಡೆದ ಹಾಗೆ ಒಂದೆಳೆ ಬಿಟ್ಟಿತು. ಆಗಷ್ಟೇ ಅವನು ಕೆಳಗೆ ಹೋಗಿ ಬಂದ. ಹತ್ತಿರ ಕೂತಾಗ ಅವನ ಅಂಗಿಯಿಂದ ಹಳೇ ಬೂದಿಯ ವಾಸನೆ ಮೂಗಿಗೆ ಬಡಿಯಿತು. ಇಷ್ಟು ವರ್ಷ ನನ್ನ ಪಕ್ಕ ಕೂತವರಿಗೆಲ್ಲ ಇದೇ ಬರುತ್ತಿತ್ತು ಅಂತ ಆಗ ಹೊಳೆಯಿತು. ಅವನಿಗೆ ಹೇಳಲಿಲ್ಲ. ಮುಖ ಆ ಕಡೆ ತಿರುಗಿಸಲೂ ಇಲ್ಲ.

ಆ ಮೇಲೂ ಮೂಗು ಪೂರ್ತಿ ಸರಿಹೋಗಲು ಎರಡು ತಿಂಗಳು ಬೇಕಾಯಿತು. ಈಗಲೂ ಕೆಲವು ಬೆಳಿಗ್ಗೆ ಉಪ್ಪುನೀರು ಬೇಕು.

ಇದನ್ನು ಓದುತ್ತೀಯ ಅಂತ ಗೊತ್ತು. ನೀನು ಬಿಡು ಅಂತ ನಾನು ಹೇಳುವುದಿಲ್ಲ, ನೀನೂ ನನಗೆ ಹೇಳಿರಲಿಲ್ಲ. ಆದರೆ ಮೂರನೇ ಸಲ ಪ್ರಯತ್ನ ಮಾಡಿದರೆ ರಾತ್ರಿ ಎಷ್ಟೊತ್ತಾದರೂ ಮೆಸೇಜ್ ಹಾಕು. ನಿನ್ನ ನೀಲಿ ಟವೆಲ್ ಇನ್ನೂ ನನ್ನ ಹತ್ತಿರವೇ ಇದೆ. ಒಗೆದಿಟ್ಟಿದ್ದೇನೆ.