ಉಳಿದ ಅರ್ಧ ಹೊತ್ತವರಿಗೆ

ಇವತ್ತು ಟಾರ್ಕ್, ಅಂದರೆ ಬಲದ ತಿರುಗಿಸುವ ಪರಿಣಾಮ, ಮತ್ತು ಸರಳ ಯಂತ್ರಗಳ ಪಾಠ ಮುಗಿಯಿತು. ಇಷ್ಟಕ್ಕೆಲ್ಲ ಥ್ಯಾಂಕ್ಸ್ ಬರೆಯಬೇಕಾ ಅಂತ ನಿಮಗೆ ಅನಿಸಬಹುದು. ಹೋದ ವರ್ಷ ಇದೇ ಪಾಠದಲ್ಲಿ ನಾನು ಮುಗ್ಗರಿಸಿದ್ದನ್ನು ನೋಡಿದ್ದರೆ ಹಾಗೆ ಅನಿಸುತ್ತಿರಲಿಲ್ಲ. ಮೊದಲ ದಿನವೇ ಬೋರ್ಡ್ ತುಂಬ ಸೂತ್ರ ಬರೆದಿದ್ದೆ. ಮಕ್ಕಳು ಚೆನ್ನಾಗಿ ಬಾಯಿಪಾಠ ಮಾಡಿದರು. ಬಾಗಿಲ ಹಿಡಿಕೆ ಕೀಲಿನಿಂದ ದೂರ ಯಾಕಿರುತ್ತದೆ ಎಂದು ಪರೀಕ್ಷೆಯಲ್ಲಿ ಕೇಳಿದರೆ, ಸುಮಾರು ಜನ 'ಚಂದ ಕಾಣಲಿ ಅಂತ' ಎಂದು ಬರೆದಿದ್ದರು. ಆ ರಾತ್ರಿ ಪೇಪರ್ ತಿದ್ದುತ್ತಾ, ಈ ಕೆಲಸ ನನ್ನಿಂದಾಗದು ಅಂದುಕೊಂಡಿದ್ದೂ ನಿಜ.

ಮೊದಲ ಥ್ಯಾಂಕ್ಸ್ ಗಣಿತದ ಹಿರಿಯ ಸರ್‌ಗೆ. "ನೋಡಮ್ಮಾ, ಬೋರ್ಡ್ ಬಿಟ್ಟು ಬಾಗಿಲ ಹತ್ತಿರ ಹೋಗು" ಎಂದರು, ಅಷ್ಟೇ. ಈ ವರ್ಷ ಹೋದೆವು. ಒಬ್ಬಳು ಕೀಲಿನ ಪಕ್ಕ ಒಂದೇ ಬೆರಳಿಟ್ಟು ತಳ್ಳಿದಳು. ಅಲುಗಲಿಲ್ಲ. ಹಿಡಿಕೆಯ ಹತ್ತಿರ ಅದೇ ಬೆರಳಿಗೆ ಬಾಗಿಲು ಸಲೀಸಾಗಿ ತಿರುಗಿತು. ಆಮೇಲೆ ಬಾಗಿಲ ಅಂಚನ್ನು ನೇರ ಕೀಲಿನ ಕಡೆಗೇ ಒತ್ತಲು ಹೇಳಿದೆ. ಎಷ್ಟು ಒತ್ತಿದರೂ ತಿರುಗಲಿಲ್ಲ. ದೂರ ಇದ್ದರೆ ಸಾಲದು, ದಿಕ್ಕೂ ಬೇಕು. ಸೂತ್ರ ಮೂರನೇ ದಿನ ಬಂತು. ಯಾರೂ ಹೆದರಲಿಲ್ಲ.

ಲ್ಯಾಬ್ ಅಟೆಂಡರ್ ನನ್ನ ಮಾನ ಉಳಿಸಿದರು. ಮೀಟರ್ ಸ್ಕೇಲಿನ ನಡುವೆ ದಾರ ಕಟ್ಟಿ ತೂಗುಹಾಕಿದ್ದೆ. ಒಂದು ಕಡೆ 20 ಸೆಂ.ಮೀ. ದೂರಕ್ಕೆ 100 ಗ್ರಾಂ, ಇನ್ನೊಂದು ಕಡೆ 40 ಸೆಂ.ಮೀ. ದೂರಕ್ಕೆ 50 ಗ್ರಾಂ. ಸಮ ನಿಲ್ಲಬೇಕು. ನಿಲ್ಲಲಿಲ್ಲ. ನಾನು ಬೆವರುತ್ತಿದ್ದೆ. ಅವರು ಸುಮ್ನೆ ಬಂದು ತೂಕಗಳನ್ನೆಲ್ಲ ತೆಗೆದರು. ಬರೀ ಸ್ಕೇಲೇ ವಾಲುತ್ತಿತ್ತು! ಒಂದು ತುದಿ ಸವೆದಿತ್ತು. ಅಲ್ಲಿಗೆ ಚೂರು ಮೇಣ ಮೆತ್ತಿದರು, ಸರಿಹೋಯಿತು. ಸ್ಕೇಲಿಗೂ ತೂಕ ಇದೆ ಅನ್ನುವುದನ್ನು ನಾನೇ ಮರೆತಿದ್ದೆ.

ಜಾಸ್ತಿ ಋಣ ಇರುವುದು ಮಾತ್ರ ಕೊನೆ ಬೆಂಚಿನ ಹುಡುಗನಿಗೆ. ಚಲಿಸುವ ರಾಟೆಯ, ಅಂದರೆ ಭಾರದ ಜೊತೆಗೇ ಮೇಲೇರುವ ರಾಟೆಯ ಪಾಠ ನಡೆದಿತ್ತು. ಹಗ್ಗದ ಒಂದು ತುದಿ ಮೇಲೆ ಕಟ್ಟಿರುತ್ತದೆ, ರಾಟೆಯ ಕೆಳಗಿನಿಂದ ಬಳಸಿ ಬಂದ ಇನ್ನೊಂದು ತುದಿಯನ್ನು ನಾವು ಎಳೆಯುತ್ತೇವೆ. ಭಾರ, ರಾಟೆ ಎರಡೂ ಸೇರಿ 10 ನ್ಯೂಟನ್. ಎತ್ತಲು 5 ಸಾಕು ಎಂದೆ.

"ಮಿಸ್, ಉಳಿದ 5 ಯಾರು ಹೊರ್ತಾರೆ?"

ಹಗ್ಗವನ್ನು ಎರಡರಷ್ಟು ಎಳೆಯಬೇಕು, ಒಟ್ಟು ಕೆಲಸ ಅಷ್ಟೇ ಇರುತ್ತದೆ ಎಂದೆ. ಎಲ್ಲರೂ ಹೇಳುವ ಉತ್ತರ. ಅವನು ಹೂಂ ಅಂದ, ಆದರೆ ಮುಖದಲ್ಲಿ ಒಪ್ಪಿಗೆ ಇರಲಿಲ್ಲ. ಅವನದೇ ಸರಿ ಅಲ್ವಾ? ಕೇಳಿದ್ದು ಬಲದ ಬಗ್ಗೆ, ನಾನು ಹೇಳಿದ್ದು ಕೆಲಸದ ಬಗ್ಗೆ. ಮನೆಗೆ ಹೋಗಿ ಚಿತ್ರ ಬರೆದಾಗ ಹೊಳೆಯಿತು. ಹಗ್ಗದ ಇನ್ನೊಂದು ತುದಿ ಕಟ್ಟಿದ್ದ ಮೇಲಿನ ಕೊಕ್ಕೆ! ಇಷ್ಟು ವರ್ಷ ಆ ಕೊಕ್ಕೆಯನ್ನು ನಾನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಮರುದಿನ ಕೊಕ್ಕೆಗೂ ಹಗ್ಗಕ್ಕೂ ನಡುವೆ ಒಂದು ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿದೆ, ಎಳೆಯುವ ತುದಿಗೆ ಇನ್ನೊಂದು. ಎರಡರಲ್ಲೂ ಮುಳ್ಳು 5ರ ಹತ್ತಿರ ನಿಂತಿತು. ಜೋರಾಗಿ ಓದಿ ಹೇಳಿದ್ದು ಅವನೇ.

ಉಂಗುರಕ್ಕೂ ಬಿಲ್ಲೆಗೂ ಓಟ ಇಟ್ಟಾಗ ಉಂಗುರವೇ ಗೆಲ್ಲುತ್ತದೆ ಎಂದು ಪಂಥ ಕಟ್ಟಿ ಸೋತ ಇಡೀ ಕ್ಲಾಸಿಗೂ ಥ್ಯಾಂಕ್ಸ್. ಇಳಿಜಾರಿನಲ್ಲಿ ಉರುಳಿಸಿದಾಗ ಪ್ರತಿ ಸಲವೂ ಬಿಲ್ಲೆಯೇ ಮೊದಲು ಬಂತು, ಸಣ್ಣದು ದೊಡ್ಡದು ಬದಲಿಸಿದರೂ. ಉಂಗುರದ ತೂಕವೆಲ್ಲ ಅಂಚಿನಲ್ಲಿರುವುದರಿಂದ ಅದನ್ನು ತಿರುಗಿಸುವುದಕ್ಕೇ ಶಕ್ತಿಯ ಹೆಚ್ಚು ಪಾಲು ಹೋಗುತ್ತದೆ. ನಂಬದೆ, ಬೆಲ್ ಹೊಡೆದ ಮೇಲೂ ನಿಂತು ಉರುಳಿಸಿದಿರಲ್ಲ, ಅದು ನನಗೆ ತುಂಬಾ ಖುಷಿ ಕೊಟ್ಟಿತು.

ಮುಂದಿನ ವಾರ ಕೋನೀಯ ಸಂವೇಗ, ಅಂದರೆ ತಿರುಗುವ ವಸ್ತುವಿನ ಸಂವೇಗ. ಅಟೆಂಡರ್ ಆಗಲೇ ತಿರುಗುವ ಸ್ಟೂಲಿಗೆ ಎಣ್ಣೆ ಹಾಕಿಟ್ಟಿದ್ದಾರೆ. ಹೋದ ವರ್ಷ ಡಂಬೆಲ್ ಹಿಡಿದು ಅದರ ಮೇಲಿಂದ ಬಿದ್ದವಳು ನಾನು. ಈ ಸಲ ಗಣಿತದ ಸರ್ ಕೂರುತ್ತಾರಂತೆ.