ಒಳ್ಳೆ ಏರಿಯಾ ಅಂದ್ರೆ ಏನು?

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಪತ್ರಿಕೆಯಲ್ಲಿ ಒಬ್ಬ ಓದುಗರು "ಅಮೆರಿಕದಲ್ಲಿ ಜಾತಿಗೀತಿ ಏನೂ ಇಲ್ಲ, ಪ್ರತಿಭೆ ಇದ್ದೋರು ಮೇಲೆ ಬರ್ತಾರೆ, ನಮ್ಮ ಹುಡುಗರೇ ಸಾಕ್ಷಿ" ಅಂತ ಬರ್ದಿದ್ರು. ನಾನು ಹಾಸನದಲ್ಲಿ ಹೈಸ್ಕೂಲ್ ಟೀಚರ್ ಆಗಿದ್ದು ರಿಟೈರ್ ಆದವಳು, ಮಗನ ಮನೆಗೆ ಎರಡು ಸಲ ಹೋಗಿ ಆರಾರು ತಿಂಗಳು ಇದ್ದು ಬಂದಿದೀನಿ, ಜಾರ್ಜಿಯಾ ರಾಜ್ಯದ ಅಟ್ಲಾಂಟಾದಿಂದ ಉತ್ತರಕ್ಕೆ ಫಾರ್ಸೈತ್ ಕೌಂಟಿ ಅಂತ, ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಥರ. ಆ ಪತ್ರ ಓದಿದ ಮೇಲೆ ಸುಮ್ನಿರಕ್ಕಾಗ್ಲಿಲ್ಲ.

ಅಲ್ಲಿ ನಮ್ಮವರು ತುಂಬಾ ಇದಾರೆ. ಸಂಜೆ ವಾಕಿಂಗ್ ಹೊರಟ್ರೆ ಕನ್ನಡ, ತೆಲುಗು, ತಮಿಳು ಎಲ್ಲಾ ಕಿವಿಗೆ ಬೀಳುತ್ತೆ, ನನ್ನ ಥರನೇ ಮಕ್ಕಳ ಮನೆಗೆ ಬಂದಿರೋ ಅಪ್ಪ ಅಮ್ಮಂದಿರು ಬೆಂಚ್ ಮೇಲೆ ಕೂತು ಮಾತಾಡ್ತಿರ್ತಾರೆ. ಎಲ್ಲರ ಬಾಯಲ್ಲೂ ಒಂದೇ ಮಾತು, ಇದು ಒಳ್ಳೆ ಏರಿಯಾ, ಸ್ಕೂಲ್ ರೇಟಿಂಗ್ ಚೆನ್ನಾಗಿದೆ, ಕಳ್ಳಕಾಕರ ಭಯ ಇಲ್ಲ, ಅಟ್ಲಾಂಟಾದ ದಕ್ಷಿಣಕ್ಕೆ ಮಾತ್ರ ಹೋಗ್ಬೇಡಿ ಅಂತ. ಯಾಕೆ ಅಂತ ಕೇಳಿದ್ರೆ ದನಿ ಸಣ್ಣ ಮಾಡ್ಕೊಂಡು "ಅಲ್ಲಿ ಅವ್ರು ಜಾಸ್ತಿ" ಅಂತಾರೆ. ಕಪ್ಪು ಜನಕ್ಕೆ ನಮ್ಮವರು ಇಟ್ಕೊಂಡಿರೋ ಹೆಸರನ್ನ ನಾನು ಇಲ್ಲಿ ಬರೆಯಲ್ಲ.

ಮಗ ಒಂದಿನ ಏನೋ ಕಾಗದಪತ್ರದ ಕೆಲಸಕ್ಕೆ ಕೌಂಟಿ ಕೇಂದ್ರ ಕಮಿಂಗ್‌ಗೆ ಕರ್ಕೊಂಡು ಹೋಗಿದ್ದ, ಅವನು ಒಳಗೆ ಹೋದಾಗ ನಾನು ಅಲ್ಲೇ ಸುತ್ತಾಡ್ತಾ ಹಿಂದೆ ಅಲ್ಲಿ ನಡೆದ ಕೊಲೆ ಬಗ್ಗೆ ಇದ್ದ ಒಂದು ಫಲಕ ಓದಿದೆ, 2021ರಲ್ಲಿ ನಿಲ್ಸಿದ್ದಂತೆ. ಮನೆಗೆ ಬಂದು ಲೈಬ್ರರಿಯಿಂದ ಪುಸ್ತಕ ತರಿಸ್ಕೊಂಡು ಓದ್ದೆ, ಎರಡು ರಾತ್ರಿ ನಿದ್ದೆ ಬರ್ಲಿಲ್ಲ. 1912ರ ಸೆಪ್ಟೆಂಬರ್‌ನಲ್ಲಿ ಒಬ್ಬ ಬಿಳಿ ಹುಡುಗಿ ಮೇಲೆ ಹಲ್ಲೆ ಆಯ್ತು, ಎರಡು ವಾರದ ಮೇಲೆ ಅವಳು ತೀರಿಕೊಂಡ್ಲು. ಅವಳಿನ್ನೂ ಬದುಕಿದ್ದಾಗಲೇ, ಆ ಹಲ್ಲೆಗೆ ಅಂತ ರಾಬ್ ಎಡ್ವರ್ಡ್ಸ್ ಅನ್ನೋ ಕಪ್ಪು ಯುವಕನನ್ನ ಜೈಲಿಂದ ಎಳ್ಕೊಂಡು ಬಂದು ಕೊಂದು ಕಂಬಕ್ಕೆ ನೇತು ಹಾಕಿದ್ರು. ಇನ್ನಿಬ್ಬರು ಹದಿಹರೆಯದ ಹುಡುಗರಿಗೆ ಗಡಿಬಿಡಿಯಲ್ಲಿ ವಿಚಾರಣೆ ಮಾಡಿ ಸಾವಿರಾರು ಜನರ ಮುಂದೆ ಗಲ್ಲು. ಅಷ್ಟಕ್ಕೂ ಸುಮ್ನಾಗ್ಲಿಲ್ಲ, ರಾತ್ರಿ ಹೊತ್ತು ಕುದುರೆ ಮೇಲೆ ಬಂದು ಚರ್ಚು ಸುಟ್ಟು, ಮನೆಗಳಿಗೆ ಗುಂಡು ಹಾರಿಸಿ, ಅಲ್ಲಿದ್ದ ಸುಮಾರು 1,100 ಕಪ್ಪು ಜನರನ್ನ ಊರು ಬಿಡಿಸಿದ್ರು. ಕೆಲವರು ಸಿಕ್ಕ ಬೆಲೆಗೆ ಜಮೀನು ಮಾರಿದ್ರು, ಮಾರಕ್ಕೂ ಆಗದೆ ಓಡಿ ಹೋದೋರ ಹೊಲಗಳಲ್ಲಿ ಎಷ್ಟೋ ಕಂದಾಯ ಕಟ್ಕೊಂಡು ಕೂತ ಬಿಳಿಯರ ಹೆಸರಿಗೇ ಖಾತೆ ಆಗೋಯ್ತು. ಆಮೇಲೆ ಹೆಚ್ಚುಕಮ್ಮಿ 75 ವರ್ಷ ಅದು ಬಿಳಿಯರದ್ದೇ ಕೌಂಟಿ. 1987ರ ಜನವರಿಯಲ್ಲಿ ಒಂದು ಸಣ್ಣ ಶಾಂತಿ ಮೆರವಣಿಗೆ ಹೊರಟ್ರೆ ಕಲ್ಲು ತೂರಿದ್ರು, ಮುಂದಿನ ವಾರ ಸುಮಾರು 20 ಸಾವಿರ ಜನ ಬಂದು ನಡೆದ್ರು. ನಾನು ಆಗ ಇಲ್ಲಿ ಮಕ್ಕಳಿಗೆ ಸಮಾಜ ಪಾಠ ಮಾಡ್ತಿದ್ದೆ, ನಂಗೆ ಇದ್ಯಾವುದೂ ಗೊತ್ತಿರ್ಲಿಲ್ಲ.

ಆ ಖಾಲಿ ಮಾಡಿಸಿದ ನೆಲದ ಮೇಲೇ ಈಗ ನಮ್ಮವರ ಸಬ್‌ಡಿವಿಷನ್‌ಗಳು, ಅಂದ್ರೆ ಮನೆಗಳ ಬಡಾವಣೆಗಳು. 2020ರ ಜನಗಣತಿ ಪ್ರಕಾರ ಆ ಕೌಂಟಿಯಲ್ಲಿ ನೂರಕ್ಕೆ ಹದಿನೈದಕ್ಕಿಂತ ಹೆಚ್ಚು ಜನ ಏಷ್ಯಾದವರು, ಕಪ್ಪು ಜನ ನಾಲ್ಕೈದು ಅಷ್ಟೆ. ಮನೆ ತಗೊಂಡೋರ ತಪ್ಪು ಅಂತ ನಾನು ಹೇಳ್ತಿಲ್ಲ, ನನ್ನ ಮಗನೂ ತಗೊಂಡಿದಾನೆ. ಆದ್ರೆ "ಒಳ್ಳೆ ಏರಿಯಾ" ಹೇಗೆ ಒಳ್ಳೆದಾಯ್ತು ಅಂತ ಕೇಳೋದೇ ಬೇಡ್ವಾ?

ದಿನನಿತ್ಯದ ವಿಷಯನೇ ತಗೊಳ್ಳಿ. ಕಾರು ಓಡಿಸಕ್ಕೆ ಬರದ ನಂಥೋರಿಗೆ ಅಲ್ಲಿ ಮನೆಯೇ ಜೈಲು, ಬಸ್ಸಿಲ್ಲ ರೈಲಿಲ್ಲ. ಅಟ್ಲಾಂಟಾದಲ್ಲಿ ಮಾರ್ಟಾ ಅಂತ ಒಳ್ಳೆ ರೈಲಿದೆ, ಏರ್‌ಪೋರ್ಟ್ ತನಕ ಹೋಗುತ್ತೆ, ಆದ್ರೆ ಅಟ್ಲಾಂಟಾ ಸುತ್ತಮುತ್ತ ಇರೋ ಕೌಂಟಿಗಳಲ್ಲಿ 1965ರಲ್ಲಿ ಕಾಬ್ ಕೌಂಟಿ, 1971ರಲ್ಲಿ ಗ್ವಿನೆಟ್ ಕೌಂಟಿ ಜನ ನಮಗೆ ಬೇಡ ಅಂತ ಓಟು ಹಾಕಿದ್ರು, ರೈಲು ಬಂದ್ರೆ ಕಪ್ಪು ಜನ ಬರ್ತಾರೆ ಅನ್ನೋ ಭಯ ಅದ್ರಲ್ಲಿ ದೊಡ್ಡ ಕಾರಣ. ಆ ಹೆಸರಿನ ಅಕ್ಷರಗಳನ್ನೇ ಕಪ್ಪು ಜನರನ್ನ ಅಟ್ಲಾಂಟಾ ದಾಟಿಸೋ ರೈಲು ಅಂತ ಬಿಡಿಸಿ ಹೀಯಾಳಿಸ್ತಿದ್ರಂತೆ. ಇನ್ನು ರಾಜಕೀಯ. 2021ರ ಜನವರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಇದ್ದ ಚರ್ಚಿನ ಪಾದ್ರಿ ರಾಫೇಲ್ ವಾರ್ನಾಕ್ ಜಾರ್ಜಿಯಾದಿಂದ ಅಮೆರಿಕ ಸಂಸತ್ತಿನ ಮೇಲ್ಮನೆ ಸೆನೆಟ್‌ಗೆ ಗೆದ್ದ ಮೊದಲ ಕಪ್ಪು ವ್ಯಕ್ತಿ ಆದ್ರು, ಮಾರ್ಚ್‌ನಲ್ಲೇ ರಾಜ್ಯ ಸರ್ಕಾರ ಹೊಸ ಕಾನೂನು ತಂತು, ಮತಗಟ್ಟೆಯಿಂದ 150 ಅಡಿ ಒಳಗೆ ಸಾಲಲ್ಲಿ ನಿಂತೋರಿಗೆ ಹೊರಗಿನವರು ನೀರು ಕೊಟ್ರೂ ಅಪರಾಧ. ಬಾಯಾರಿದೋರಿಗೆ ನೀರು ಕೊಡೋದು ಅಪರಾಧ ಅಂದ್ರೆ ಹಾಸನದಲ್ಲಿ ನಾನು ಯಾರಿಗೆ ಹೇಳಿದ್ರೂ ನಂಬ್ತಿಲ್ಲ.

ಇದು ಕರಿಯರು ಬಿಳಿಯರ ಜಗಳ, ನಮಗ್ಯಾಕೆ ಅನ್ನೋರಿಗೆ ಒಂದು ಮಾತು. 1923ರಲ್ಲಿ ಭಗತ್ ಸಿಂಗ್ ಥಿಂದ್ ಅನ್ನೋ ಪಂಜಾಬಿ, ಅಮೆರಿಕದ ಸೈನ್ಯದಲ್ಲಿ ಇದ್ದವರು, ಸುಪ್ರೀಂ ಕೋರ್ಟಲ್ಲಿ ಪೌರತ್ವಕ್ಕೆ ಹೋರಾಡಿದ್ರು. ಹೊರದೇಶದಿಂದ ಬಂದೋರಲ್ಲಿ ಆಗ ಪೌರತ್ವ ಸಿಗ್ತಿದ್ದಿದ್ದು ಬಿಳಿಯರಿಗೆ ಮತ್ತು ಆಫ್ರಿಕಾ ಮೂಲದವರಿಗೆ ಮಾತ್ರ. ಅವರ ವಾದ ಏನು ಗೊತ್ತಾ, ನಾನು ಮೇಲ್ಜಾತಿ ಆರ್ಯ, ನೀವು ನೀಗ್ರೋ ಜೊತೆ ಮದುವೆ ಸಂಬಂಧ ಮಾಡದ ಹಾಗೇ ನಾವೂ ಭಾರತದ ಮೂಲನಿವಾಸಿಗಳ ಜೊತೆ ಮಾಡಲ್ಲ ಅಂತ! ಜಾತಿ ತೋರ್ಸಿ ಬಿಳಿಯರ ಸಾಲಲ್ಲಿ ಕೂರಕ್ಕೆ ಹೋದ್ರು, ಕೋರ್ಟು ನೀವು ಬಿಳಿಯರಲ್ಲ ಅಂತ ಎಬ್ಬಿಸಿ ಕಳಿಸ್ತು, ಆಗಲೇ ಪೌರತ್ವ ಸಿಕ್ಕಿದ್ದ ಎಷ್ಟೋ ಭಾರತೀಯರದ್ದೂ ಕಿತ್ಕೊಂಡ್ರು. ಅಲ್ಲಿ ಜಾತಿ ಇಲ್ಲ ಅಂದ ಓದುಗರು ಈ ಕೇಸು ಓದ್ಬೇಕು.

1946ರಲ್ಲಿ ಬಾಗಿಲು ತೆಗೆದಾಗಲೂ ಭಾರತಕ್ಕೆ ವರ್ಷಕ್ಕೆ ಬರೀ 100 ಜನ. ನಿಜವಾಗಿ ತೆರೆದಿದ್ದು 1965ರಲ್ಲಿ, ಕಪ್ಪು ಜನ ಲಾಠಿ ಏಟು ತಿಂದು ಮತದಾನದ ಹಕ್ಕಿನ ಕಾನೂನು ಪಡೆದ ಅದೇ ವರ್ಷ, ಅದೇ ಹೋರಾಟದ ಬಿಸಿಯಲ್ಲಿ ದೇಶ ನೋಡಿ ಕೋಟಾ ಕೊಡೋ ಪದ್ಧತಿ ಹೋಯ್ತು. ನಮ್ಮ ಹುಡುಗರು ವೀಸಾ ಹಿಡ್ಕೊಂಡು ಇಳಿಯೋ ದಾರಿ ಅದು. ಅವರ ಪ್ರತಿಭೆ ಸುಳ್ಳಲ್ಲ, ಆದ್ರೆ ಆ ದಾರಿ ಮಾಡ್ಕೊಟ್ಟೋರನ್ನ ಕಂಡ್ರೆ ಕಾರಿನ ಡೋರ್ ಲಾಕ್ ಮಾಡ್ತೀವಲ್ಲ, ಅದು ನನ್ನ ಎದೆಗೆ ಚುಚ್ಚುತ್ತೆ.

ಅಮೆರಿಕ ಅಂದ್ರೆ ವೀಸಾ ಸುದ್ದಿ, ಕನ್ನಡ ಕೂಟದ ರಾಜ್ಯೋತ್ಸವದ ಫೋಟೋ ಅಷ್ಟೇ ನಮ್ಮ ಪೇಪರುಗಳಲ್ಲಿ ಬರೋದು. ದಯವಿಟ್ಟು ಈ ಚರಿತ್ರೆನೂ ಬರೆಸಿ. ಕೂಟದ ಮಕ್ಕಳಿಗೆ ಭಾನುವಾರ ಕನ್ನಡ ಕಲಿಸೋರು ಒಂದು ದಿನ ಕಮಿಂಗ್‌ನ ಆ ಫಲಕದ ಹತ್ರ ಕರ್ಕೊಂಡು ಹೋಗಿ, ಅದ್ರಲ್ಲಿರೋದನ್ನ ಕನ್ನಡದಲ್ಲಿ ಓದಿ ಹೇಳಿ. ನನ್ನ ಮೊಮ್ಮಗಳಿಗೆ ನಾನು ಹೇಳಿದೀನಿ, ಅವಳು "ಅಜ್ಜಿ, ಅವ್ರ ಮನೆ ಎಲ್ಲಿತ್ತು, ನಮ್ಮ ಬೀದಿಲೇ ಇತ್ತಾ?" ಅಂತ ಕೇಳಿದ್ಲು.

— ನಿವೃತ್ತ ಶಿಕ್ಷಕಿ, ಹಾಸನ