ಉಪ್ಪು-ಮಣ್ಣಿನ ಮೇಲೆಯೇ ಬಳಿದ ಆಂಟಿ-ರಸ್ಟ್ ಕೋಟಿಂಗ್ ಕುರಿತು ದೂರು

ಗೆ,
ವ್ಯವಸ್ಥಾಪಕರು,
ಕಾರ್ ಸರ್ವಿಸ್ ಸೆಂಟರ್,
ಬೆಳಗಾವಿ

ವಿಷಯ: ಯುಗಾದಿ ಮುಂಚೆ ಮಾಡಿಸಿದ ‘ಸಮ್ಮರ್ ಚೆಕಪ್ ಪ್ಯಾಕೇಜ್’ನಲ್ಲಿ ಮಾಡದ ಕೆಲಸಕ್ಕೆ ಬಿಲ್ ಹಾಕಿರುವುದು ಮತ್ತು ಮಾಡಿದ ಕೆಲಸದಿಂದ ಗಾಡಿಗೆ ಹಾನಿಯಾಗಿರುವುದು.

ಮಾನ್ಯರೇ,

ನಮ್ಮ ಡೀಸೆಲ್ ಕಾರಿನ ತಳಭಾಗಕ್ಕೆ ನಿಮ್ಮವರು ಬಳಿದಿರುವ ಕಪ್ಪು ಕೋಟಿಂಗನ್ನು ಪೂರ್ತಿ ಕೆರೆದು ತೆಗೆದು, ತಳ ತೊಳೆದು, ಒಣಗಿಸಿ, ಹೊಸದಾಗಿ ಬಳಿದು ಕೊಡಬೇಕು. ರೇಡಿಯೇಟರ್‌ನಲ್ಲಿರುವ ನೀರು ಚೆಲ್ಲಿ, ಬಿಲ್ಲಿನಲ್ಲಿ ಬರೆದ ಕೂಲಂಟನ್ನೇ (ಎಂಜಿನ್ ತಂಪಾಗಿಡುವ ದ್ರವ) ಹಾಕಬೇಕು. ನನ್ನ ಬೇಡಿಕೆ ಮುಖ್ಯವಾಗಿ ಈ ಎರಡು. ಕಾರಣ ಕೆಳಗಿದೆ, ಸ್ವಲ್ಪ ಉದ್ದವಿದೆ, ದಯವಿಟ್ಟು ಪೂರ್ತಿ ಓದಿ.

ಈ ಗಾಡಿ ಬೆಳಗಾವಿ ಸೀಮೆಯಲ್ಲಿ ಓಡಾಡಿದ್ದಲ್ಲ. ನನ್ನ ಮಗ ಕಾಶ್ಮೀರದಲ್ಲಿ ಜೋಜಿಲಾ ಸುರಂಗದ ಕಾಮಗಾರಿಯಲ್ಲಿ ಎಂಜಿನಿಯರ್. ಈ ಚಳಿಗಾಲ ಪೂರ್ತಿ ಗಾಡಿ ಅವನ ಜೊತೆ ಸೋನಮರ್ಗ್ ಕಡೆಗೇ ಇತ್ತು. ಡಿಸೆಂಬರ್ 21ರಿಂದ ನಲವತ್ತು ದಿನ ಅಲ್ಲಿಯವರು ‘ಚಿಲ್ಲಾಯಿ ಕಲಾನ್’ ಅನ್ನುವ ಕಡು ಚಳಿ. ಹಿಮ ಕರಗಲೆಂದು ರಸ್ತೆಗೆ ಉಪ್ಪು ಚೆಲ್ಲುತ್ತಾರೆ, ಜಾರದಿರಲೆಂದು ಮರಳು ಉಗ್ಗುತ್ತಾರೆ, ಗಾಲಿಗೆ ಸರಪಳಿ ಕಟ್ಟಿ ಓಡಿಸುತ್ತಾರೆ. ಆ ಉಪ್ಪು, ಮರಳು, ಕರಗಿದ ಹಿಮದ ರಾಡಿ ಎಲ್ಲಾ ಕಾರಿನ ಹೊಟ್ಟೆಗೆ ಮೆತ್ತಿಕೊಂಡು ಬಂದಿದೆ. ಸೊಸೆ ಮತ್ತು ಮೊಮ್ಮಗ ಬೈಲಹೊಂಗಲದಲ್ಲಿ ನಮ್ಮ ಜೊತೆಯೇ ಇರುವುದರಿಂದ ಮಗ ಗಾಡಿಯನ್ನು ಜಮ್ಮುವಿನಿಂದ ಟ್ರಕ್ಕಿನಲ್ಲಿ ಹಾಕಿ ಕಳಿಸಿದ. ಇದನ್ನೆಲ್ಲ ಗಾಡಿ ಬಿಡುವಾಗಲೇ ನಿಮ್ಮ ಸರ್ವಿಸ್ ಅಡ್ವೈಸರ್‌ಗೆ ಹೇಳಿದ್ದೇನೆ. ಜಾಬ್ ಕಾರ್ಡಿನಲ್ಲಿ ‘ಕಾಶ್ಮೀರದಿಂದ ಬಂದ ಗಾಡಿ, ತಳ ಚೆನ್ನಾಗಿ ತೊಳೆಯುವುದು’ ಎಂದು ಅವರ ಅಕ್ಷರದಲ್ಲೇ ಇದೆ. ನಕಲು ಲಗತ್ತಿಸಿದ್ದೇನೆ.

ಗಾಡಿ ಒಯ್ಯಲು ಬಂದಾಗ ಆ ಅಡ್ವೈಸರ್ ಹುಡುಗ ಹೇಳಿದ್ದು ಇಷ್ಟು: “ಕಾಕಾ, ಎಲ್ಲಾ ಓಕೆ ಐತ್ರಿ. ಪ್ಯಾಕೇಜ್‌ನ್ಯಾಗಿನ ಪಾಯಿಂಟ್ ಎಲ್ಲಾ ಟಿಕ್ ಆಗ್ಯಾವ.” ಟಿಕ್ ಆಗಿದ್ದು ಖರೆ. ಕಾಗದದ ಮೇಲೆ ಒಂದೂ ಖಾಲಿ ಇಲ್ಲ.

ಹಿರೇಬಾಗೇವಾಡಿ ದಾಟುವಷ್ಟರಲ್ಲಿ ಗಾಡಿಯೊಳಗೆ ಡಾಂಬರು ಸುಟ್ಟ ವಾಸನೆ. ನಿಲ್ಲಿಸಿ ಬಗ್ಗಿ ನೋಡಿದರೆ ಸೈಲೆನ್ಸರ್ ಪೈಪಿನಿಂದ ಸಣ್ಣಗೆ ಹೊಗೆ ಏಳುತ್ತಿತ್ತು. ಕೋಟಿಂಗ್ ಹೊಡೆಯುವವರು ಬಿಸಿಯಾಗುವ ಪೈಪಿಗೆ ಕಾಗದ ಸುತ್ತಿ ಮುಚ್ಚಿಕೊಳ್ಳುತ್ತಾರೆ, ಇದು ಹೊಸದಾಗಿ ಸೇರಿದ ಹೆಲ್ಪರ್ ಹುಡುಗನಿಗೂ ಗೊತ್ತಿರುವ ಮಾತು. ನಿಮ್ಮಲ್ಲಿ ಪಿಚಕಾರಿ ಹಿಡಿದು ಎಲ್ಲದಕ್ಕೂ ಹೊಡೆದಿದ್ದಾರೆ.

ನಾನು ವಾಯವ್ಯ ಸಾರಿಗೆಯ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತನಾದವನು. ಮರುದಿನ ಮನೆಯಲ್ಲೇ ಜ್ಯಾಕ್ ಏರಿಸಿ, ಕೆಳಗೆ ಗಟ್ಟಿ ದಿಮ್ಮಿ ಕೊಟ್ಟು, ಒಳಗೆ ಮಲಗಿ ನೋಡಿದೆ. ಎಡಗಡೆ ಹಿಂದಿನ ಗಾಲಿಯ ಕಮಾನಿನೊಳಗೆ ಕೋಟಿಂಗ್ ಸ್ವಲ್ಪ ಉಬ್ಬಿತ್ತು. ಸ್ಕ್ರೂಡ್ರೈವರ್ ಕೂಡ ಬೇಕಾಗಲಿಲ್ಲ, ಹೆಬ್ಬೆರಳಿನ ಉಗುರಿಗೇ ಅಂಗೈಯಗಲದ ಪದರ ಎದ್ದು ಬಂತು. ಅದರ ಬೆನ್ನಿಗೆ ಬೂದು ಬಣ್ಣದ, ಹರಳು ಬೆರೆತ ಮಣ್ಣು ಅಂಟಿತ್ತು. ನಮ್ಮ ಕಡೆಯದು ಎರೆಮಣ್ಣು, ಕರ್‍ರಗೆ ಜಿಗುಟು. ಈ ಬೂದು ಮಣ್ಣು ಸೋನಮರ್ಗಿನಿಂದ ಬಂದದ್ದು, ನಿಮ್ಮ ವಾಶಿಂಗ್ ರ್‍ಯಾಂಪ್ ದಾಟಿ ಬೈಲಹೊಂಗಲದವರೆಗೂ ತಲುಪಿದೆ. ಮಣ್ಣಿನ ಕೆಳಗೆ ತಗಡಿನ ಮೇಲೆ ಆಗಲೇ ಕಂದು ತುಕ್ಕಿನ ಚುಕ್ಕೆಗಳಿವೆ.

ತೊಳೆಯದೆ, ಬಳಿಯದೆ ಹಾಗೇ ಬಿಟ್ಟಿದ್ದರೂ ನಾನು ಇಷ್ಟು ಬೇಸರಪಡುತ್ತಿರಲಿಲ್ಲ. ಮನೆ ಮುಂದೆ ಪೈಪು ಹಿಡಿದು ನಾನೇ ತೊಳೆದುಕೊಳ್ಳುತ್ತಿದ್ದೆ, ಉಪ್ಪು ನೀರಿಗೆ ಕರಗುವ ವಸ್ತು. ಈಗ ಅದು ಕೋಟಿಂಗಿನ ಕೆಳಗೆ ಸಿಕ್ಕಿಬಿದ್ದಿದೆ, ನೀರು ಮುಟ್ಟುವಂತಿಲ್ಲ. ಉಪ್ಪಿಗೆ ಗಾಳಿಯ ಪಸೆಯನ್ನು ಎಳೆದುಕೊಳ್ಳುವ ಗುಣ. ಈ ಒಣ ಬಿಸಿಲಿನಲ್ಲಿ ಸುಮ್ಮನಿರುತ್ತದೆ, ಜೂನ್‌ನಲ್ಲಿ ಮಳೆ ಹಿಡಿದರೆ ಕೋಟಿಂಗಿನ ಒಳಗಿಂದೊಳಗೇ ತಗಡು ತಿನ್ನಲು ಶುರು ಮಾಡುತ್ತದೆ. ಹೊರಗಿನಿಂದ ಕಪ್ಪಗೆ ಹೊಳೆಯುತ್ತಿರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಇನ್ನೊಂದು ಮಾತು: ಬಾಗಿಲುಗಳ ತಳದಲ್ಲಿ, ಫುಟ್‌ಬೋರ್ಡಿನ ಕೆಳಗಿನ ಪಟ್ಟಿಯಲ್ಲಿ ನೀರು ಇಳಿದು ಹೋಗಲೆಂದು ಕಂಪನಿಯವರೇ ಸಣ್ಣ ತೂತು ಬಿಟ್ಟಿರುತ್ತಾರೆ. ಅವನ್ನೂ ಕೋಟಿಂಗಿನಿಂದ ಮುಚ್ಚಿದ್ದೀರಿ. ಬಲಗಡೆಯ ಮುಂದಿನ ಬಾಗಿಲಿನ ತೂತನ್ನು ತಂತಿಯಿಂದ ಬಿಡಿಸಿದಾಗ ಒಳಗೆ ನಿಂತಿದ್ದ ನೀರು ಕೈ ಮೇಲೆ ಇಳಿಯಿತು. ಮೇಲೆ ಬಾಡಿ ವಾಶ್ ಆಗಿದ್ದಕ್ಕೆ ಅದೊಂದು ಸಾಕ್ಷಿ, ಅಷ್ಟರ ಮಟ್ಟಿಗೆ ಸರಿ.

ಇನ್ನು ಕೂಲಂಟ್. ಬಿಲ್ಲಿನಲ್ಲಿ ‘ಕೂಲಂಟ್ ರಿಪ್ಲೇಸ್’ ಎಂದು ₹1,350 ಹಿಡಿದಿದ್ದೀರಿ. ಗಾಡಿಯ ಕೂಲಂಟ್ ಬಾಟಲಿಯಲ್ಲಿರುವುದು ಹಸಿರು ಬಣ್ಣ ಬೆರೆಸಿದ ನೀರು. ಬೆರಳಿಗೆ ಹಚ್ಚಿ ತಿಕ್ಕಿದರೆ ಜಾರುವುದಿಲ್ಲ. ನನ್ನ ಹಳೆಯ ಕೂಲಂಟ್ ಟೆಸ್ಟರ್‌ನಲ್ಲಿ ಎಳೆದು ನೋಡಿದರೆ ಮುಳ್ಳು ಬರೀ ನೀರಿನ ಗೆರೆಯಿಂದ ಮೇಲೇಳಲಿಲ್ಲ. ಸ್ಟೀಲ್ ತಟ್ಟೆಯಲ್ಲಿ ಎರಡು ಚಮಚ ಹಾಕಿ ಬಿಸಿಲಿಗಿಟ್ಟೆ. ಅಸಲಿ ಕೂಲಂಟಿನಲ್ಲಿರುವ ಗ್ಲೈಕಾಲ್ ಅಷ್ಟು ಬೇಗ ಆರುವ ವಸ್ತುವಲ್ಲ. ಇದು ಮಧ್ಯಾಹ್ನದೊಳಗೆ ಆರಿ, ತಟ್ಟೆಯಲ್ಲಿ ಬಿಳಿ ಉಂಗುರ ಬಿಟ್ಟಿತು, ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯಲ್ಲಿ ನಿಲ್ಲುವಂಥದ್ದೇ. ಫೋಟೊ ಇದೆ.

ಫೋನಿನಲ್ಲಿ ಇದನ್ನು ಕೇಳಿದಾಗ ನಿಮ್ಮ ಸೂಪರ್‌ವೈಸರ್, “ಕೂಲಂಟ್ ಇರೂದು ಥಂಡಿಗ್ರೀ ಕಾಕಾ, ನೀರು ಹೆಪ್ಪುಗಟ್ಟಬಾರದಂತ. ನಮ್ಮ ಬಿಸಲಾಗ ಏನ ಹೆಪ್ಪುಗಟ್ಟತೈತ್ರೀ?” ಅಂದರು. ಸರ್ವಿಸ್ ಸೆಂಟರಿನ ಮೇಲ್ವಿಚಾರಕರ ಬಾಯಲ್ಲಿ ಈ ಮಾತು ಬರಬಾರದು. ಅರ್ಧ ಗ್ಲೈಕಾಲ್, ಅರ್ಧ ಡಿಸ್ಟಿಲ್ಡ್ ನೀರು ಬೆರೆಸಿದರೆ ಅದು ಸುಮಾರು ಮೈನಸ್ 37 ಡಿಗ್ರಿಯವರೆಗೆ ಹೆಪ್ಪುಗಟ್ಟುವುದಿಲ್ಲ, ನಿಜ. ಅದೇ ಮಿಶ್ರಣ ಕುದಿಯುವುದೂ ನೀರಿಗಿಂತ ತಡವಾಗಿ. ರೇಡಿಯೇಟರ್ ಮುಚ್ಚಳದ ಒತ್ತಡವೂ ಸೇರಿದರೆ 120 ಡಿಗ್ರಿ ದಾಟಿದರೂ ಕುದಿ ಬರುವುದಿಲ್ಲ. ಮೇಲಾಗಿ ರೇಡಿಯೇಟರಿನ ಅಲ್ಯೂಮಿನಿಯಂ, ವಾಟರ್ ಪಂಪು ಸವೆಯದಂತೆ ಕಾಯುವ ಔಷಧವೂ ಅದರಲ್ಲೇ ಇರುತ್ತದೆ. ಸೊಸೆಯ ತವರು ವಿಜಯಪುರ. ಮೇ ತಿಂಗಳಲ್ಲಿ ಮಗ ರಜೆಗೆ ಬಂದಾಗ ಎಲ್ಲರೂ ಅಲ್ಲಿಗೆ ಹೋಗುವವರಿದ್ದೇವೆ. 40 ಡಿಗ್ರಿ ಬಿಸಿಲಲ್ಲಿ, ಏಸಿ ಹಾಕಿಕೊಂಡು, ಚಿಕ್ಕ ಹುಡುಗನನ್ನು ಕೂಡಿಸಿಕೊಂಡು ಹೋಗುವ ಗಾಡಿಗೆ ಬೋರ್ ನೀರು ಸಾಕು ಎನ್ನುವ ಧೈರ್ಯ ನನಗಿಲ್ಲ.

ಉಳಿದವು ಚಿಕ್ಕವು, ಆದರೂ ಟಿಕ್ ಮಾರ್ಕು ಎಷ್ಟು ನಂಬಬಹುದು ಎನ್ನುವುದಕ್ಕೆ ಬರೆಯುತ್ತೇನೆ. ಟೈರ್ ಪ್ರೆಶರ್ ‘ಚೆಕ್ ಆಗಿದೆ’. ಬೆಳಗಿನ ತಂಪಿನಲ್ಲೇ ನಾಲ್ಕೂ ಟೈರು 38 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತೋರಿಸುತ್ತವೆ, ಬಾಗಿಲಿನ ಸ್ಟಿಕ್ಕರ್ ಹೇಳುವುದು 33. ಹವೆ ಐದಾರು ಡಿಗ್ರಿ ಏರಿದರೆ ಟೈರಿನ ಗಾಳಿ ಒಂದು ಪಿಎಸ್‌ಐ ಏರುತ್ತದೆ. ಚಳಿಯಲ್ಲಿ ತುಂಬಿದ ಗಾಳಿ ಇಲ್ಲಿಗೆ ಬಂದು ಏರಿದೆ, ಅದನ್ನು ಯಾರೂ ಮುಟ್ಟಿಯೇ ಇಲ್ಲ. ಬ್ಯಾಟರಿ ‘ಲೋಡ್ ಟೆಸ್ಟ್ ಆಗಿದೆ’, ಟರ್ಮಿನಲ್ ಮೇಲಿನ ಬಿಳಿ-ಹಸಿರು ಪುಡಿ ಹಾಗೇ ಇದೆ. ಚಳಿಯಲ್ಲಿ ಬ್ಯಾಟರಿ ಸೋಲುವುದು ಎದ್ದು ಕಾಣುತ್ತದೆ, ಅದರ ಆಯುಸ್ಸು ಕಡಿಮೆ ಮಾಡುವುದು ಬಿಸಿಲು. ಹಾಗಾಗಿ ಈ ಟೆಸ್ಟ್ ನನಗೆ ನಿಜವಾಗಿ ಬೇಕಿತ್ತು. ಮಂಜಿನಲ್ಲಿ ಅಂಟಿ ಹರಿದ ವೈಪರ್ ರಬ್ಬರನ್ನು ಬದಲಿಸಿದ್ದೀರಿ, ಅದು ಚೆನ್ನಾಗಿದೆ. ಏಸಿ ಫಿಲ್ಟರ್ ಕೂಡ ಹೊಸದು. ಅವುಗಳ ಹಣದ ಬಗ್ಗೆ ನನ್ನ ತಕರಾರಿಲ್ಲ.

ಕೋಟಿಂಗಿಗೆ ₹4,200, ಅಂಡರ್‌ಬಾಡಿ ವಾಶ್‌ಗೆ ₹650, ಎಲ್ಲದರ ಮೇಲೆ 18% ಜಿಎಸ್‌ಟಿ ತೆಗೆದುಕೊಂಡಿದ್ದೀರಿ. ಸೂಪರ್‌ವೈಸರ್ ಕೊನೆಗೆ “ಮುಂದಿನ ಸರ್ವಿಸಿಗೆ 10% ಡಿಸ್ಕೌಂಟ್ ಮಾಡಿಕೊಡತೀವ್ರಿ” ಅಂದರು. ನನಗೆ ಡಿಸ್ಕೌಂಟ್ ಬೇಡ. ಮೇಲೆ ಕೇಳಿದ ಎರಡು ಕೆಲಸವನ್ನು ನಿಮ್ಮ ಖರ್ಚಿನಲ್ಲಿ ಮಾಡಿಕೊಡಿ, ನೀರಿಳಿಯುವ ತೂತುಗಳನ್ನೆಲ್ಲ ಬಿಡಿಸಿ, ಸೈಲೆನ್ಸರ್ ಪೈಪ್ ಸ್ವಚ್ಛ ಮಾಡಿ, ಮಾಡದ ಬ್ಯಾಟರಿ ಟೆಸ್ಟಿನ ಹಣ ವಾಪಸ್ ಕೊಡಿ. ತುಕ್ಕು ಹತ್ತಿದ ಕಡೆ ಪ್ರೈಮರ್ ಹಚ್ಚದೆ ಮತ್ತೆ ಕಪ್ಪು ಬಳಿದರೆ ನಾನು ಒಪ್ಪುವುದಿಲ್ಲ.

ಈ ಪತ್ರ ತಲುಪಿದ 15 ದಿನಗಳೊಳಗೆ ಬರವಣಿಗೆಯಲ್ಲಿ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ. ಅಲ್ಲಿಯೂ ಆಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಬೆಳಗಾವಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಇಷ್ಟು ಮೊತ್ತದ ದೂರಿಗೆ ಅಲ್ಲಿ ಶುಲ್ಕವಿಲ್ಲ, ಎರಡು ವರ್ಷದ ಅವಧಿ ಇದೆ, ನಿವೃತ್ತನಾದ್ದರಿಂದ ನನಗೂ ಪುರುಸೊತ್ತಿದೆ. ಕೋಟಿಂಗಿನ ಎದ್ದ ಪದರವನ್ನು ಮಣ್ಣಿನ ಸಮೇತ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟಿದ್ದೇನೆ.

ಗಾಡಿ ಯಾವ ದಿನ ತರಬೇಕೆಂದು ತಿಳಿಸಿ. ಕೋಟಿಂಗ್ ಕೆರೆದು ತೊಳೆದು ಮುಗಿಸುವವರೆಗೆ ನಾನು ರ್‍ಯಾಂಪಿನ ಹತ್ತಿರವೇ ನಿಂತಿರುತ್ತೇನೆ, ‘ಕಸ್ಟಮರ್ ಲೌಂಜ್‌ನಲ್ಲಿ ಕೂಡ್ರಿ’ ಎಂದು ಕಳಿಸಬೇಡಿ.

ಇತಿ ತಮ್ಮ ವಿಶ್ವಾಸಿ,
(ಸಹಿ)
ಬೈಲಹೊಂಗಲ, ಬೆಳಗಾವಿ ಜಿಲ್ಲೆ

ಲಗತ್ತು: ಬಿಲ್ ಮತ್ತು ಜಾಬ್ ಕಾರ್ಡಿನ ನಕಲು, ಕೋಟಿಂಗ್, ಬಾಗಿಲಿನ ತೂತು, ಟೆಸ್ಟರ್ ಹಾಗೂ ತಟ್ಟೆಯ ಫೋಟೊಗಳು